ಸ್ವಂತ ವಿಳಾಸದಿಂದ

ನಮ್ಮ ಮನೆಯಲ್ಲಿ ಫೋನು ಬಂದರೆ ಗಂಟೆಯ ಜೊತೆಗೆ ದೀಪವೂ ಹತ್ತುತ್ತಿತ್ತು. ಗಂಟೆ ಅಮ್ಮನಿಗೆ ಮತ್ತು ನನಗೆ, ದೀಪ ಅಕ್ಕನಿಗೆ. ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅವಳೊಬ್ಬಳೇ ಮನೆಯಲ್ಲಿದ್ದಾಗ ಫೋನು ಬಂದದ್ದು ಗೊತ್ತಾಗಲಿ ಎಂದು ಹದಿನೇಳು ವರ್ಷದ ಹಿಂದೆ ಅಪ್ಪ ಒಂದು ಸೋಪಿನ ಡಬ್ಬಿಯೊಳಗೆ ಏನೇನೋ ಜೋಡಿಸಿ, ಫೋನಿನ ತಂತಿಗೆ ಸಿಕ್ಕಿಸಿ, ಮುಂಬಾಗಿಲಿನ ನೆತ್ತಿಗೆ ಹಳದಿ ಬಲ್ಬೊಂದನ್ನು ಹಾಕಿದ್ದರು. ಬಲ್ಬು ಹತ್ತಿತೆಂದರೆ ಅಕ್ಕ ಕೆಲಸ ಬಿಟ್ಟೆದ್ದು ಓಡಿಹೋಗಿ ಪಕ್ಕದ ಮನೆಯವರನ್ನು ಕರೆದು ತರುತ್ತಿದ್ದಳು. ಅವರು ಚಪ್ಪಲಿ ಮೆಟ್ಟಿ ಬರುವಷ್ಟರಲ್ಲಿ ಸಾಮಾನ್ಯವಾಗಿ ಫೋನು ನಿಂತಿರುತ್ತಿತ್ತು.

ಅಕ್ಕ ಟೈಪಿಸ್ಟು. ಕೈಬರಹದ ಹಾಳೆ ಕೊಟ್ಟರೆ ನೋಡಿಕೊಂಡು ಟೈಪ್ ಮಾಡುವುದು ಅವಳ ಕಸುಬು. ಇಪ್ಪತ್ತೆರಡು ವರ್ಷ ಒಂದು ಟೈಪಿಂಗ್ ಅಂಗಡಿಯ ಕಿಟಕಿ ಪಕ್ಕ ಕೂತಿದ್ದಳು. ಸಾಲು ಮುಗಿಯುತ್ತಾ ಬಂದಾಗ ಯಂತ್ರ ಟಿಣ್ ಎನ್ನುತ್ತದಲ್ಲ, ಆ ಸದ್ದು ಉಳಿದ ಹುಡುಗಿಯರಿಗೆ ಬೇಕಾಗುತ್ತಿತ್ತು. ಅಕ್ಕನಿಗೆ ಮಣಿಕಟ್ಟಿಗೇ ಗೊತ್ತಾಗುತ್ತಿತ್ತು. ಅಂಗಡಿಗೆ ಕಂಪ್ಯೂಟರು ಬಂದ ಮೇಲೆ ಟೈಪಿಂಗ್ ಯಂತ್ರಗಳು ಗುಜರಿಗೆ ಹೋದವು, ಹುಡುಗಿಯರು ಮನೆಗೆ ಹೋದರು. ಯಜಮಾನ ಅಕ್ಕನನ್ನು ಮಾತ್ರ ಬಿಡಲಿಲ್ಲ. ನಾನು ಕೆಲಸ ಮಾಡುವ ಕಾರ್ಖಾನೆಯ ಸ್ಟೋರ್ಸಿನವರು ಎಸೆಯಲಿದ್ದ ಹಳೆಯ ಕಂಪ್ಯೂಟರೊಂದನ್ನು ನಾನು ಕೇಳಿ ಮನೆಗೆ ತಂದಿದ್ದೆ. ಯಜಮಾನ ವಾರಕ್ಕೊಮ್ಮೆ ಹಾಳೆಯ ಕಟ್ಟು ತಂದುಕೊಡುತ್ತಿದ್ದ. ಅಕ್ಕ ಟೈಪ್ ಮಾಡಿ ಫ್ಲಾಪಿಯಲ್ಲಿ ತುಂಬಿಕೊಡುತ್ತಿದ್ದಳು. ಅವನು ಅದನ್ನು ದೂರದ ಒಂದು ಪ್ರಕಾಶನ ಸಂಸ್ಥೆಗೆ ತನ್ನ ಅಂಗಡಿಯ ಹೆಸರಿನಲ್ಲಿ ಕಳುಹಿಸುತ್ತಿದ್ದ.

ಅಕ್ಕನ ಕೈಭಾಷೆಯಲ್ಲಿ ಎಲ್ಲರಿಗೂ ಒಂದೊಂದು ಹೆಸರಿದೆ. ಕಿವಿಗೆ ಮುಷ್ಟಿ ಹಿಡಿದರೆ ನಾನು, ಏಕೆಂದರೆ ನಾನು ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಟೆಲಿಫೋನ್ ಆಪರೇಟರು. ಮಣಿಕಟ್ಟು ತಿರುಗಿಸಿದರೆ ಅಪ್ಪ, ಅವರ ಕೈಯಲ್ಲಿ ಸದಾ ಸ್ಕ್ರೂಡ್ರೈವರ್ ಇರುತ್ತಿತ್ತು. ಎರಡೂ ಕೈಯಿಂದ ಸೊಂಟದ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡರೆ ಟೈಪಿಂಗ್ ಅಂಗಡಿ ಯಜಮಾನ. ಮನೆಯಲ್ಲಿ ನಾವೆಲ್ಲ ಅವನನ್ನು ಪ್ಯಾಂಟು ಎಂದೇ ಕರೆಯುತ್ತಿದ್ದೆವು. ಇಲ್ಲಿ ಅಕ್ಕ ಹೇಳಿದಳು ಎಂದು ನಾನು ಬರೆದಲ್ಲೆಲ್ಲ ಕೈಯಲ್ಲಿ ಹೇಳಿದಳು ಎಂದೇ ತಿಳಿಯಬೇಕು.

ಆ ಸೋಮವಾರ ನಾನು ಕೆಲಸ ಮುಗಿಸಿ ಬಂದಾಗ ಅಕ್ಕ ಪರದೆಯನ್ನು ನನ್ನತ್ತ ತಿರುಗಿಸಿದಳು. ಅವಳು ಟೈಪ್ ಮಾಡುತ್ತಿದ್ದ ಪಾಠದ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಕೆರೆಗಳ ಬಗ್ಗೆ ಇತ್ತು. ನಲವತ್ತೆರಡನೇ ಪುಟದಲ್ಲಿ ಹೀಗಿತ್ತು: "ಬೆರಳಚ್ಚುಗಾರರ ಗಮನಕ್ಕೆ. ನಮ್ಮೊಂದಿಗೆ ನೇರವಾಗಿ ಕೆಲಸ ಮಾಡಬಯಸುವವರು ಇದರೊಂದಿಗಿರುವ ಹತ್ತು ಮಾದರಿ ಪುಟಗಳನ್ನು ಟೈಪ್ ಮಾಡಿ ಇದೇ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಇಂಟರ್ನೆಟ್ ಮೂಲಕ ತಮ್ಮ ಸ್ವಂತ ವಿಳಾಸದಿಂದ ಕಳುಹಿಸತಕ್ಕದ್ದು. ತಡವಾಗಿ ಬಂದವನ್ನು ಪರಿಗಣಿಸು"

ಅಲ್ಲಿಗೆ ನಿಂತಿತ್ತು. ಕಟ್ಟಿನ ನಡುವೆ ಸಿಕ್ಕಿಕೊಂಡಿದ್ದ ಸೂಚನಾ ಪತ್ರವನ್ನೂ ಅಕ್ಕ ಪಾಠದ ಹಾಳೆಯೆಂದೇ ಟೈಪ್ ಮಾಡಿಬಿಟ್ಟಿದ್ದಳು. ಇಪ್ಪತ್ತೆರಡು ವರ್ಷದ ಅಭ್ಯಾಸ. ಮುಂದಿಟ್ಟ ಹಾಳೆಯನ್ನು ಬೆರಳು ಓದುತ್ತದೆ, ತಲೆ ಓದುವುದಿಲ್ಲ. ಕೊನೆಯ ಸಾಲಿನಲ್ಲಿ ತಲೆಯೂ ಓದಿತ್ತು.

"ಪ್ಯಾಂಟಿಗೆ ಇದು ಗೊತ್ತಾ?" ಎಂದಳು ಅಕ್ಕ.

ಗೊತ್ತಿತ್ತು. ಅಂದೇ ಸಂಜೆ ಬಂದವನಿಗೆ ಪತ್ರ ತೋರಿಸಿದರೆ ಹಣೆ ಬಡಿದುಕೊಂಡು ನಕ್ಕ. "ಅಯ್ಯೋ, ಇದು ಇಲ್ಲಿತ್ತಾ! ನಾನು ಮನೆಯೆಲ್ಲ ಹುಡುಕಿದೆ ಕಣಮ್ಮ. ಹತ್ತು ಪುಟ ನೀಟಾಗಿ ಮಾಡಿಕೊಡೋಕೆ ಹೇಳು ನಿಮ್ಮಕ್ಕಂಗೆ. ನಾನೇ ಕಳಿಸ್ತೀನಿ."

"ಸ್ವಂತ ವಿಳಾಸದಿಂದ ಅಂತ ಇದೆಯಲ್ಲ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ನನ್ನ ವಿಳಾಸ ನನಗೆ ಸ್ವಂತದ್ದೇ ತಾನೆ?" ಎಂದು ಪ್ಯಾಂಟು ಮೇಲೆಳೆದುಕೊಂಡ. "ನೋಡಮ್ಮ, ಇಂಟರ್ನೆಟ್ ಬರೋದು ಫೋನ್ ಲೈನಲ್ಲಿ. ಕಿವಿ ಕೇಳದೇ ಇರೋರಿಗೆ ಫೋನ್ ಲೈನಲ್ಲಿ ಏನು ಕೆಲಸ? ಇಷ್ಟು ದಿನ ನಡೀತಿಲ್ವಾ? ಹಾಗೇ ನಡೀಲಿ."

ಅಕ್ಕ ಅವನ ತುಟಿಗಳನ್ನೇ ನೋಡುತ್ತಿದ್ದಳು. ಅವನ ತುಟಿ ಓದುವುದು ಅವಳಿಗೆ ಸುಲಭ, ಇಪ್ಪತ್ತೆರಡು ವರ್ಷ ಅವನು ಹೊಸದಾಗಿ ಏನನ್ನೂ ಹೇಳಿರಲಿಲ್ಲ. ಅವಳು ಒಂದು ಬೆರಳನ್ನು ತನ್ನ ಎದೆಗೆ ತಟ್ಟಿಕೊಂಡು ಅದೇ ಬೆರಳನ್ನು ಕಂಪ್ಯೂಟರಿನತ್ತ ಚಾಚಿದಳು. ನಾನು ಕಳಿಸ್ತೀನಿ.

"ಏನಂತೆ?" ಎಂದ ಪ್ಯಾಂಟು.

ನಾನು ಜೀವಮಾನದಲ್ಲಿ ಯೋಚಿಸದೆ ಮಾತಾಡಿದ್ದು ಕಡಿಮೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಬೀದಿಯ ತಿರುವಿನಿಂದ ವಾಪಸು ಬಂದು ನೋಡುವವಳು ನಾನು. ಆದರೂ ಅಂದು ಬಾಯಿಂದ ಬಂದೇಬಿಟ್ಟಿತು: "ನಾವೇ ಕನೆಕ್ಷನ್ ಹಾಕಿಸ್ಕೋತೀವಿ. ಅವಳ ಹೆಸರಲ್ಲಿ ಅವಳೇ ಕಳಿಸ್ತಾಳೆ."

"ಹಾಕೋದು ಯಾರು?"

"ನಾನೇ."

ಅವನು ನಗಲೂ ಇಲ್ಲ. ಅದು ಇನ್ನೂ ಕೆಟ್ಟದಾಗಿತ್ತು. "ಶುಕ್ರವಾರ ಬೇಕಾದ್ರೆ ಫೋನ್ ಮಾಡು. ಫ್ಲಾಪಿ ತಗೊಂಡು ಹೋಗ್ತೀನಿ" ಎಂದು ಮೆಟ್ಟಿಲಿಳಿದ.

ಸಂಜೆ ತರಗತಿಯಲ್ಲಿ ನಾನು ಆರು ತಿಂಗಳು ಕಂಪ್ಯೂಟರು ಕಲಿತಿದ್ದೇನೆ, ಪ್ರಮಾಣಪತ್ರವೂ ಇದೆ. ಆದರೆ ಇಂಟರ್ನೆಟ್ ಪಾಠದ ದಿನ ಕರೆಂಟು ಹೋಗಿತ್ತು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಎರಡು ಚೌಕ ಬರೆದು ನಡುವೆ ಒಂದು ಗೆರೆ ಎಳೆದು, "ಇಷ್ಟೇ" ಎಂದಿದ್ದರು.

ಮಂಗಳವಾರ ಕೆಲಸದಿಂದ ಬರುವಾಗ ಮೋಡೆಮ್ ಮತ್ತು ಕನೆಕ್ಷನ್ನಿನ ಪೊಟ್ಟಣ ತಂದೆ. ಮೋಡೆಮ್ ಎಂದರೆ ಕಂಪ್ಯೂಟರಿನ ಮಾತನ್ನು ಫೋನಿನ ಸದ್ದಾಗಿ ಬದಲಾಯಿಸುವ ಡಬ್ಬಿ. ಅಂಗೈ ಅಗಲವಿತ್ತು, ಮುಂದುಗಡೆ ಸಾಲಾಗಿ ಎಂಟು ಪುಟ್ಟ ದೀಪ. ಪೊಟ್ಟಣದೊಳಗಿನ ಕಾರ್ಡಿನಲ್ಲಿ ಡಯಲ್ ಮಾಡಬೇಕಾದ ನಂಬರು, ಗುಟ್ಟಿನ ಪದ, ಅದರ ಕೆಳಗೆ ಅಕ್ಕನ ಹೆಸರು ಸೇರಿಸಿ ಮಾಡಿದ ವಿಳಾಸ. ಅಕ್ಕ ಆ ಕಾರ್ಡನ್ನು ಎರಡು ಸಲ ಓದಿ ಕಂಪ್ಯೂಟರಿನ ಪರದೆಯ ಮೂಲೆಗೆ ಅಂಟಿಸಿದಳು.

ಮೋಡೆಮ್ಮಿನ ವೈರು ಗಿಡ್ಡ. ಅದಕ್ಕೆ ಮೇಜನ್ನೇ ಎಳೆದು ಫೋನಿನ ಮೂಲೆಗೆ ತಂದೆವು. ಇಷ್ಟು ವರ್ಷ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದ ಅಕ್ಕ ಈಗ ಬಾಗಿಲಿಗೆ ಬೆನ್ನು ಮಾಡಿ ಕೂರಬೇಕಾಯಿತು. ಕಂಪ್ಯೂಟರಿನ ಹಿಂದೆ ಮೋಡೆಮ್ ಸಿಕ್ಕಿಸಿದ ಕೂಡಲೇ ಮೌಸು ಸತ್ತಿತು. ನನ್ನ ಜೀವವೂ ಅರ್ಧ ಹೋಯಿತು. ಎರಡಕ್ಕೂ ಒಂದೇ ಜಾಗ ಬೇಕೆಂದು ಒಳಗೊಳಗೇ ಜಗಳವಾಡುತ್ತಿದ್ದವು ಎಂದು ಕಂಡುಹಿಡಿಯಲು ನನಗೆ ಮೂರು ಗಂಟೆ ಬೇಕಾಯಿತು. ಮೌಸಿಗೆ ಒಂದನೇ ಜಾಗ, ಮೋಡೆಮ್ಮಿಗೆ ಎರಡನೇ ಜಾಗ ಎಂದು ಹಂಚಿಕೊಟ್ಟ ಮೇಲೆ ಎರಡೂ ತೆಪ್ಪಗಾದವು.

"ಮನೆ ಭಾಗ ಮಾಡಿದ ಹಾಗಾಯ್ತು," ಎಂದಳು ಅಮ್ಮ, ಮಂಚದ ಮೇಲಿಂದ.

ಬುಧವಾರ ಡಯಲ್ ಮಾಡಿದೆ. ಮೋಡೆಮ್ ಪಿಂಪಿಂ ಎಂದು ಹಕ್ಕಿಯಂತೆ ನಂಬರು ಹಾಡಿತು, ಸುಮ್ಮನಾಯಿತು, ಆಮೇಲೆ ಪರದೆಯ ಮೇಲೆ ಉತ್ತರವಿಲ್ಲ ಎಂದು ಬಂತು. ಹತ್ತು ಸಲ ಹಾಡಿತು, ಹತ್ತು ಸಲ ಉತ್ತರವಿಲ್ಲ. ಹನ್ನೊಂದನೇ ಸಲ ನಾನು ರಿಸೀವರನ್ನು ಕಿವಿಗಿಟ್ಟುಕೊಂಡೆ. ಹಾಡು ಮುಗಿದ ಮೇಲೂ ಲೈನಿನಲ್ಲಿ ಅದೇ ಗುಂಯ್ ಎಂಬ ಡಯಲ್ ಟೋನು. ಹದಿನಾಲ್ಕು ವರ್ಷ ಹಗಲೆಲ್ಲ ಈ ಸದ್ದು ಕೇಳುವುದೇ ನನ್ನ ಕೆಲಸ. ನಮ್ಮ ಬೀದಿಯ ಎಕ್ಸ್‌ಚೇಂಜಿಗೆ ಈ ಹಾಡು ಅರ್ಥವಾಗುತ್ತಲೇ ಇಲ್ಲ. ಅದಕ್ಕೆ ಗೊತ್ತಿರುವುದು ಹಳೆಯ ತಿರುಗಿಸುವ ಫೋನಿನ ಟಕ್‌ಟಕ್ ಮಾತ್ರ. ಮೋಡೆಮ್ಮಿಗೆ ಹಾಡಬೇಡ, ಟಕ್‌ಟಕ್ ಎನ್ನು ಎಂದು ಹೇಳುವ ಗುಂಡಿ ಎಲ್ಲೋ ಇರಲೇಬೇಕು ಎಂದು ಹುಡುಕಿದೆ. ಇತ್ತು.

ಈ ಸಲ ಟಕಟಕ ಟಕಟಕ ಎಂದಿತು. ಆ ಕಡೆ ಗಂಟೆಯಾಯಿತು. ಆಮೇಲೆ ಲೋಹವನ್ನು ಲೋಹಕ್ಕೆ ಉಜ್ಜಿದಂಥ ಒಂದು ಚೀರಾಟ. ಅಮ್ಮ ಮಂಚದಿಂದ ಎದ್ದೇ ಬಂದಳು. "ಯಾರದೇ ಅದು, ಬೆಕ್ಕಿನ ಬಾಲ ತುಳಿದೋರು?"

"ಅದು ಮಾತಾಡ್ತಿದೆ ಅಮ್ಮ. ಆ ಕಡೆಯ ಕಂಪ್ಯೂಟರ್ ಜೊತೆ."

"ಮಾತಾಡೋ ರೀತಿನಾ ಇದು? ಜಗಳ ಆಡ್ತಿದೆ."

ಅಕ್ಕ ಮೋಡೆಮ್ಮಿನ ಬೆನ್ನ ಮೇಲೆ ಅಂಗೈ ಇಟ್ಟಿದ್ದಳು. ಒಂದೊಂದೇ ದೀಪ ಹತ್ತಿತು, ಕೊನೆಯದಾಗಿ ಎಡದಿಂದ ಮೂರನೆಯದು. ಅದು ಹತ್ತಿದರೆ ಆ ಕಡೆಯವರು ಸಿಕ್ಕರು ಎಂದು ಮೋಡೆಮ್ಮಿನ ಜೊತೆ ಬಂದ ಪುಸ್ತಕದಲ್ಲಿತ್ತು. ಅಕ್ಕ ಆ ದೀಪಕ್ಕೆ ಹೆಸರಿಟ್ಟಳು: ಎರಡು ಕೈ ಕುಲುಕುವ ಸನ್ನೆ. ಪರದೆಯ ಮೇಲೆ ಹೆಸರು ಪರಿಶೀಲಿಸಲಾಗುತ್ತಿದೆ ಎಂದು ಬಂತು. ನಲವತ್ತು ಎಣಿಸುವಷ್ಟರಲ್ಲಿ ಕುಲುಕಿದ ಕೈ ಬಿಟ್ಟುಹೋಯಿತು. ಮೂರನೇ ದೀಪ ಆರಿತು.

ಮತ್ತೆ ಮಾಡಿದೆ. ಮತ್ತೆ ಸಿಕ್ಕಿತು, ಮತ್ತೆ ಬಿಟ್ಟಿತು. ಗುರುವಾರವೂ ಇದೇ. ವೇಗ ಕಡಿಮೆ ಮಾಡಿ ನೋಡಿದೆ, ವೈರು ಬದಲಾಯಿಸಿದೆ, ಫೋನಿನ ಮೇಲೆ ಹಾಸಿದ್ದ ಬಟ್ಟೆಯನ್ನೂ ತೆಗೆದೆ. ರಿಸೀವರು ಎತ್ತಿ ಕೇಳಿದರೆ ಲೈನಿನ ಹಿಂದೆ ಎಣ್ಣೆ ಕಾದಂತೆ ಸಣ್ಣ ಚುರುಗುಟ್ಟು ಕೇಳುತ್ತಿತ್ತು. ಅದು ಎಂದಿನಿಂದಲೂ ಇದ್ದದ್ದೇ, ನಮ್ಮ ಲೈನೇ ಹಾಗೆ ಎಂದುಕೊಂಡಿದ್ದೆ. ನನ್ನ ಕಿವಿಯ ಮೇಲೆ ನನಗಿದ್ದ ಭರವಸೆ ಅಷ್ಟಿತ್ತು: ಕೇಳಿಸಿದ್ದು ಲೈನಿನ ದೋಷ, ಲೈನಿನ ದೋಷ ಎಂದರೆ ಎಕ್ಸ್‌ಚೇಂಜಿನದು.

"ನೀನು ಒಳಗಡೆ ಫೋನ್ ಎತ್ತಿದ್ಯಾ?" ಎಂದು ಅಮ್ಮನ ಮೇಲೆ ರೇಗಿದೆ.

"ಇರೋದೇ ಒಂದು ಫೋನು, ಅದು ನಿನ್ನ ಮುಂದೆ ಕೂತಿದೆ. ಬೇಕಾದ್ರೆ ನನ್ನ ಕೈ ಕಟ್ಟಿಹಾಕು" ಎಂದಳು ಅಮ್ಮ. ನಾನು ತಲೆ ತಗ್ಗಿಸಿದೆ. ಹೆದರಿಕೆ ಬಂದಾಗ ರೇಗಲು ನನಗೆ ಸಿಗುವುದು ಅಮ್ಮ ಒಬ್ಬಳೇ.

ಕನೆಕ್ಷನ್ ಕಂಪನಿಯ ಸಹಾಯದ ನಂಬರಿಗೆ ಕಾರ್ಖಾನೆಯಿಂದ ಫೋನು ಮಾಡಿದೆ. ಆ ಕಡೆಯವನು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, "ಮೇಡಂ, ನಿಮ್ಮ ಲೈನ್ ಸರಿ ಇಲ್ಲ. ಫೋನಿನವರಿಗೆ ದೂರು ಕೊಡಿ" ಎಂದ. ಫೋನಿನವರು ದೂರು ಬರೆದುಕೊಂಡು, ಲೈನ್‌ಮನ್ ಹದಿನೈದು ದಿನದೊಳಗೆ ಬರುತ್ತಾನೆ ಎಂದರು.

ಈಗ ಒಂದು ವಿಷಯವನ್ನು ಬರೆಯಲೇಬೇಕು, ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಶುಕ್ರವಾರ ಬೆಳಿಗ್ಗೆ, ಸ್ವಿಚ್‌ಬೋರ್ಡಿನ ಮುಂದೆ ಕೂತು, ಕರೆಗಳು ಕಡಿಮೆಯಾದ ಹೊತ್ತು ನೋಡಿ ನಾನು ಪ್ಯಾಂಟಿಗೆ ಫೋನು ಮಾಡಿದೆ. "ಸಂಜೆ ನಾಲ್ಕೂವರೆಗೆ ಬನ್ನಿ. ಅಷ್ಟರಲ್ಲಿ ನಮ್ಮದು ಆಗದಿದ್ರೆ ಫ್ಲಾಪಿ ಕೊಡ್ತೀವಿ" ಎಂದೆ.

"ನಾನು ಹೇಳಿರಲಿಲ್ವಾ?" ಎಂದ. ಅಕ್ಕನಿಗೆ ಹೇಳಬೇಡಿ ಎಂದು ನಾನು ಕೇಳಿಕೊಳ್ಳಲಿಲ್ಲ. ಅವನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವನು ಮಾತಾಡುವುದು ಯಾವತ್ತೂ ನನ್ನ ಜೊತೆ, ಅವಳ ಜೊತೆಯಲ್ಲ. ಕೆಲಸವೇ ಕೈತಪ್ಪುವುದಕ್ಕಿಂತ ಅವನ ಹೆಸರಿನಲ್ಲಾದರೂ ಹೋಗಲಿ, ವಾರದ ಕಟ್ಟಾದರೂ ಬರುತ್ತಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲ ಕಡೆಯಿಂದಲೂ ಯೋಚಿಸಿ ಮಾಡಿದ ಕೆಲಸ ಅದು. ಆದರೂ ಮನೆಗೆ ಬರುವಾಗ ಮೋರಿ ದಾಟುವಲ್ಲಿ ಕಾಲು ತಪ್ಪಿತು.

ಅಕ್ಕ ಹತ್ತು ಪುಟ ಬುಧವಾರವೇ ಮುಗಿಸಿಟ್ಟಿದ್ದಳು. ಶುಕ್ರವಾರ ಮೂರು ಗಂಟೆಯಿಂದ ನಾನು ಡಯಲ್ ಮಾಡಿದೆ. ಪ್ರತಿ ಸಲ ಕೈ ಕುಲುಕುವುದು, ಬಿಡುವುದು. ನಾನು ಮೋಡೆಮ್ಮಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ, ಅಕ್ಕ ಪರದೆಗೆ ಕಣ್ಣು ಕೀಲಿಸಿದ್ದಳು. ನಾಲ್ಕು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಮೆಟ್ಟಿಲ ಮೇಲೆ ಕೆಮ್ಮು ಕೇಳಿತು. ನನಗೆ ಕೇಳಿತು, ಅಕ್ಕನಿಗಲ್ಲ. ನಾನು ಬಾಗಿಲ ಕಡೆ ನೋಡಿದ್ದನ್ನು ನೋಡಿ ಅವಳು ತಿರುಗಿದಳು.

ಬಾಗಿಲಲ್ಲಿ ಪ್ಯಾಂಟು ನಿಂತಿದ್ದ. "ಆಯ್ತಾ? ಆಗಿಲ್ಲ ತಾನೆ? ಕೊಡಿ ಕೊಡಿ, ಹೊತ್ತಾಯ್ತು. ನಾನು ಅಂಗಡಿಗೆ ಹೋಗಿ ಕಳಿಸಬೇಕು."

ಅಕ್ಕ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಎಲ್ಲ ಬರೆದಿತ್ತು. ಅವಳು ಪ್ಯಾಂಟು ಎಳೆದುಕೊಳ್ಳುವ ಸನ್ನೆ ಮಾಡಿ, ಕಿವಿಗೆ ಮುಷ್ಟಿ ಹಿಡಿದು, ಹುಬ್ಬು ಎತ್ತಿದಳು. ನೀನು ಕರೆದೆಯಾ?

ಹೌದು ಎಂದು ತಲೆಯಾಡಿಸಿದೆ.

ಅಷ್ಟರಲ್ಲಿ ನಾನು ಮೊದಲೇ ಒತ್ತಿದ್ದ ಗುಂಡಿಯಿಂದ ಮೋಡೆಮ್ ತನ್ನ ಪಾಡಿಗೆ ಡಯಲ್ ಮಾಡತೊಡಗಿತ್ತು. ಅಕ್ಕನ ಸಿಟ್ಟಿನ ಕಣ್ಣು ಮತ್ತೆ ಬಾಗಿಲಿಗೆ ಹೋಯಿತು, ಪ್ಯಾಂಟಿನ ಮುಖದಿಂದ ಅವನ ನೆತ್ತಿಗೆ, ನೆತ್ತಿಯಿಂದ ಇನ್ನೂ ಮೇಲಕ್ಕೆ. ಅಲ್ಲೇ ನಿಂತಿತು. ಅವಳ ತುಟಿ ಎಣಿಸುತ್ತಿತ್ತು.

"ಏನು, ನನ್ನ ತಲೆ ಮೇಲೆ ಏನಿದೆ?" ಎಂದು ಪ್ಯಾಂಟು ಕೂದಲು ಸವರಿಕೊಂಡ.

ಅವನ ತಲೆಯ ಮೇಲೆ ಅಪ್ಪನ ಬಲ್ಬು ಮಿಟುಕುತ್ತಿತ್ತು. ಮೋಡೆಮ್ ಟಕ್‌ಟಕ್ ಎಂದಷ್ಟು ಸಲ ಬಲ್ಬು. ಡಯಲ್ ಮುಗಿಯಿತು, ಬಲ್ಬು ಆರಿತು, ಚೀರಾಟ ಬಂತು, ಮೂರನೇ ದೀಪ ಹತ್ತಿತು. ಅಕ್ಕ ನನ್ನ ತೋಳು ಹಿಡಿದು ಬಲ್ಬಿನ ಕಡೆಗೆ ತಿರುಗಿಸಿದಳು. ನಲವತ್ತು ಎಣಿಸುವಷ್ಟರಲ್ಲಿ, ಯಾರೂ ಫೋನು ಮಾಡದಿದ್ದರೂ ಆ ಬಲ್ಬಿನ ತಂತಿ ಒಮ್ಮೆ ಮಂಕಾಗಿ ಕೆಂಪಗಾಯಿತು. ಅದೇ ಕ್ಷಣ ನನ್ನ ಕಿವಿಯಲ್ಲಿ ಚುರ್ ಎಂದಿತು. ಮೂರನೇ ದೀಪ ಹೋಯಿತು.

"ಇನ್ನೊಂದು ಸಲ" ಎಂದಳು ಅಕ್ಕ.

ಇನ್ನೊಂದು ಸಲವೂ ಹಾಗೇ ಆಯಿತು. ಮೊದಲು ಬಲ್ಬು, ಆಮೇಲೆ ಚುರ್, ಆಮೇಲೆ ಮೂರನೇ ದೀಪ.

"ಅದು ಲೈನನ್ನು ಕುಡೀತಿದೆ," ಎಂದಳು.

ಮೂರು ದಿನ ನಾನು ಕಿವಿಯಿಂದ ಹುಡುಕಿದ್ದು ಅವಳ ಬೆನ್ನ ಹಿಂದೆ ಕಣ್ಣಿಗೆ ಕಾಣುವ ಹಾಗೇ ಇತ್ತು. ಮೇಜನ್ನು ಎಳೆದು ತಿರುಗಿಸಿದವಳು ನಾನೇ. ಆಮೇಲೆ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಹೇಳಿದ ಪ್ರಕಾರ ಆ ಸೋಪಿನ ಡಬ್ಬಿಯೊಳಗಿನ ಯಾವುದೋ ಒಂದು ಭಾಗ ಹಳತಾಗಿ ಸೋರುತ್ತಿತ್ತಂತೆ. ಮನುಷ್ಯರ ಮಾತಿಗೆ ಅಷ್ಟು ಸೋರಿದರೆ ಏನೂ ಆಗುವುದಿಲ್ಲವಂತೆ.

ಅಕ್ಕ ಎದ್ದಳು. ಕಪಾಟಿನ ಕೆಳಖಾನೆಯಿಂದ ಅಪ್ಪನ ಸ್ಕ್ರೂಡ್ರೈವರ್ ತೆಗೆದಳು. ಏನು ಮಾಡಲು ಹೊರಟಿದ್ದಾಳೆಂದು ಅಮ್ಮನಿಗೆ ನನಗಿಂತ ಮೊದಲೇ ಗೊತ್ತಾಯಿತು. ಮಂಚದಿಂದಿಳಿದು ಬಂದು ಗೋಡೆಯ ಮೇಲಿನ ಫೋನಿನ ಪೆಟ್ಟಿಗೆಗೆ ಅಡ್ಡ ನಿಂತಳು.

"ಬೇಡ ಕಣೇ! ನಿಮ್ಮಪ್ಪ ನಿನಗೋಸ್ಕರ ಮಾಡಿದ್ದು ಅದು. ಅವರ ಕೈಯದು ಅಂತ ಈ ಮನೇಲಿ ಉಳಿದಿರೋದು ಅದೊಂದೇ." ನನ್ನ ಕಡೆ ತಿರುಗಿ, "ಹೇಳೇ ಅವಳಿಗೆ. ನಾಳೆ ಯಾರೂ ಇಲ್ಲದಾಗ ಫೋನ್ ಬಂದ್ರೆ ಅವಳಿಗೆ ಹೇಗೆ ಗೊತ್ತಾಗತ್ತೆ?"

ನಾನು ಹೇಳಿದೆ. ಅಕ್ಕ ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಗೆ ಮಾತು ಕೊಟ್ಟಳು. ಅಷ್ಟು ದೊಡ್ಡದಾಗಿ, ಗಾಳಿ ಸದ್ದಾಗುವಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಹದಿನೇಳು ವರ್ಷ ಅದು ನನಗೆ ಫೋನು ಬಂದಿದೆ ಅಂತ ಹೇಳ್ತು. ಓಡಿದೆ. ಯಾರು ಮಾಡಿದ್ರು, ಏನಂದ್ರು ಅಂತ ಒಂದು ದಿನ ಹೇಳಲಿಲ್ಲ. ಬಂದ ಫೋನು ಒಂದೂ ನನಗಲ್ಲ. ಸರಿ. ಇವತ್ತು ನಾನು ಮಾಡ್ತೀನಿ."

ಅಮ್ಮ ನನ್ನ ಅನುವಾದಕ್ಕೆ ಕಾಯಲಿಲ್ಲ. ಮಗಳ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಪಕ್ಕಕ್ಕೆ ಸರಿದಳು, ಸರಿದವಳು ಸುಮ್ಮನಿರಲಾರದೆ, "ಡಬ್ಬಿ ಒಡೀಬೇಡ, ಹುಷಾರಾಗಿ ಬಿಚ್ಚು" ಎಂದಳು.

"ಇರು, ಮೇನ್ ಆರಿಸ್ತೀನಿ! ಶಾಕ್ ಹೊಡೀತದೆ!" ಎಂದು ನಾನು ಕೂಗಿಕೊಂಡು ಮೀಟರಿನ ಕಡೆ ಓಡಿದೆ. ಮೇನ್ ಆರಿಸಿದ್ದರೆ ಕಂಪ್ಯೂಟರೂ ಆರುತ್ತಿತ್ತು, ಮತ್ತೆ ಏಳಲು ಅದಕ್ಕೆ ಹತ್ತು ನಿಮಿಷ ಬೇಕು, ಐದು ಗಂಟೆ ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಕ್ಕೆ ಅಕ್ಕನಿಗೆ ನನ್ನ ಕೂಗು ಕೇಳಿಸುವ ಹಾಗಿರಲಿಲ್ಲ. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅವಳು ಎರಡು ತಿರುಪು ಸಡಿಲಿಸಿ, ಫೋನಿನ ಪೆಟ್ಟಿಗೆಯಿಂದ ಡಬ್ಬಿಗೆ ಹೋಗುವ ಸಣ್ಣ ತಂತಿ ಎರಡನ್ನೂ ಎಳೆದು ತೆಗೆದಾಗಿತ್ತು. ಬೆರಳು ಝುಮ್ಮೆಂದಿರಬೇಕು, ಕೈ ಒದರಿಕೊಂಡಳು ಅಷ್ಟೆ.

"ಎಷ್ಟು ಹೊತ್ತು ಇನ್ನು ನಾಟಕ?" ಎಂದ ಪ್ಯಾಂಟು. "ನಾಲ್ಕು ನಲವತ್ತೈದಾಯ್ತು. ಅಂಗಡಿಗೆ ಹತ್ತು ನಿಮಿಷದ ದಾರಿ. ಫ್ಲಾಪಿ ಎಲ್ಲಿ?"

ಫ್ಲಾಪಿ ನನ್ನ ಕೈಚೀಲದಲ್ಲೇ ಇತ್ತು. ಅವನು ನನ್ನತ್ತ ಕೈ ಚಾಚಿದ. ಈಗ ಕೊಟ್ಟರೆ ಅವನ ಹೆಸರಿನಲ್ಲಿ ಖಂಡಿತ ಹೋಗುತ್ತದೆ. ಕೊಡದಿದ್ದರೆ, ಇದೂ ಕೈಕೊಟ್ಟರೆ, ಯಾರ ಹೆಸರಿನಲ್ಲೂ ಇಲ್ಲ. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ, ಅವಳಾಗಲೇ ಕುರ್ಚಿಯಲ್ಲಿ ಕೂತು ಡಯಲ್ ಗುಂಡಿ ಒತ್ತಿದ್ದಳು. ನೋಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಕೊಡಲ್ಲ," ಎಂದೆ.

"ಏನು?"

"ಫ್ಲಾಪಿ ಕೊಡಲ್ಲ. ನಾನು ಬೆಳಿಗ್ಗೆ ಮಾಡಿದ ಫೋನು ತಪ್ಪು. ನೀವು ಹೋಗಬಹುದು." ನನ್ನ ದನಿ ಈ ಸಲ ನನಗೇ ಚೆನ್ನಾಗಿ ಕೇಳಿಸಿತು.

ಅವನು ಹೋಗಲಿಲ್ಲ. ಸೋಲುವುದನ್ನು ನೋಡಲು ನಿಂತ. ಟಕ್‌ಟಕ್ ಆಯಿತು. ಅವನ ತಲೆಯ ಮೇಲಿನ ಬಲ್ಬು ಕಲ್ಲಿನಂತೆ ಸುಮ್ಮನಿತ್ತು. ಚೀರಾಟ. ಮೂರನೇ ದೀಪ. ರಿಸೀವರು ಎತ್ತಿ ಕೇಳಬೇಕೆಂದು ಕೈ ತುರಿಸಿತು. ಎತ್ತಿದರೆ ಲೈನು ಕೆಟ್ಟರೆ ಎಂದು ಎರಡೂ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡೆ. ಇಪ್ಪತ್ತು. ಮೂವತ್ತು. ನಲವತ್ತು. ಐವತ್ತು. ಅಮ್ಮ ಗಟ್ಟಿಯಾಗಿ ಎಣಿಸುತ್ತಿದ್ದಳು. ಎಂಬತ್ತಕ್ಕೆ ಪರದೆಯ ಮೂಲೆಯಲ್ಲಿ ಎರಡು ಪುಟ್ಟ ಕಂಪ್ಯೂಟರುಗಳ ಚಿತ್ರ ಬಂದು ಮಿನುಗತೊಡಗಿತು. ಮೇಷ್ಟ್ರು ಹಲಗೆಯ ಮೇಲೆ ಬರೆದಿದ್ದ ಅದೇ ಎರಡು ಚೌಕ.

ಅಕ್ಕ ಸೂಚನಾ ಪತ್ರ ನೋಡಿ ಪ್ರಕಾಶನದವರ ವಿಳಾಸ ಹೊಡೆದಳು, ಕಾರ್ಡು ನೋಡದೆ ತನ್ನ ವಿಳಾಸ. ಕೆಳಗೆ ತನ್ನ ಹೆಸರು ಹೊಡೆದಳು, ಪೂರ್ತಿ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ, ಅದರಡಿ ಮನೆಯ ವಿಳಾಸ. ಹತ್ತು ಪುಟ ಸೇರಿಸಿ ಕಳುಹಿಸು ಎಂಬುದನ್ನು ಒತ್ತಿದಳು. ನೀಲಿ ಪಟ್ಟಿ ಹೊಸದಾಗಿ ನಡೆಯಲು ಕಲಿತ ಕೂಸಿನಂತೆ ಹೆಜ್ಜೆಹೆಜ್ಜೆಗೂ ನಿಂತು ನಿಂತು ಸಾಗಿತು. ಅರ್ಧದಲ್ಲಿ ಎರಡು ನಿಮಿಷ ಅಲುಗಲೇ ಇಲ್ಲ. ಆಗ ಪ್ಯಾಂಟು, "ಹೋಗಲ್ಲ ಅದು" ಎಂದ. ಅದಕ್ಕೇ ಕಾದಿದ್ದಂತೆ ಪಟ್ಟಿ ಮುಂದಕ್ಕೆ ಹಾರಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಐವತ್ತಾರಕ್ಕೆ ಹೋಯಿತು.

ಅಮ್ಮ ಸೆರಗಿನಿಂದ ಮೋಡೆಮ್ಮಿನ ಮೇಲಿನ ಧೂಳು ಒರೆಸಿದಳು.

ಪ್ಯಾಂಟು ಬಾಗಿಲ ಚೌಕಟ್ಟಿಗೆ ಒರಗಿ ಹೇಳಿದ, "ಕಳಿಸಿದ್ದು ದೊಡ್ಡದಲ್ಲಮ್ಮ. ನಾಳೆ ಅವರು ಫೋನ್ ಮಾಡ್ತಾರಲ್ಲ, ಆಗ ಏನು ಮಾಡ್ತೀರಿ?"

ಅವನು ಹೇಳಿದ್ದು ಸುಳ್ಳಲ್ಲ. ಹತ್ತು ನಿಮಿಷ ಕಳೆಯುವುದರೊಳಗೆ ಉತ್ತರ ಬಂತು: "ಮಾದರಿ ಪುಟಗಳು ತಲುಪಿವೆ. ಮುಂದಿನ ಮಾತುಕತೆಗಾಗಿ ತಮ್ಮ ದೂರವಾಣಿ ಸಂಖ್ಯೆ ತಿಳಿಸಿ."

ನಾನು ಅಕ್ಕನ ಭುಜ ತಟ್ಟಿ ಹೇಳಿದೆ, "ಕಾರ್ಖಾನೆ ನಂಬರ್ ಕೊಡು. ನಾನೇ ಎತ್ತೋದು. ನೀನೇ ಅಂತ ಮಾತಾಡ್ತೀನಿ. ಕೇಳಿಸಲ್ಲ ಅಂತ ಈಗಲೇ ಬರೀಬೇಡ. ಕೆಲಸ ಸಿಕ್ಕಿದ ಮೇಲೆ ನಿಧಾನಕ್ಕೆ ಹೇಳಿದರಾಯ್ತು."

"ಅಂದ್ರೆ ಇನ್ನೊಬ್ಬ ಪ್ಯಾಂಟು," ಎಂದಳು ಅಕ್ಕ.

ಆ ಮಾತು ನನಗೆ ತಾಗಿತು. ತಾಗಬೇಕಾದದ್ದೇ.

ಅವಳು ಪರದೆಗೆ ತಿರುಗಿದಳು. ಅವಳ ಬೆರಳಿನ ವೇಗಕ್ಕೆ ಯಾವತ್ತೂ ನನ್ನ ಕಣ್ಣು ಸಾಲುವುದಿಲ್ಲ. ಆದರೆ ಅಂದು ನಾನೂ ಓದಲಿ ಎಂದೋ ಏನೋ, ನಿಧಾನವಾಗಿ, ಒಂದೊಂದೇ ಅಕ್ಷರ ಹೊಡೆದಳು: "ನನಗೆ ಕಿವಿ ಕೇಳುವುದಿಲ್ಲ. ದೂರವಾಣಿ ಸಂಖ್ಯೆ ಕೊಡುವುದಿಲ್ಲ. ಹೇಳುವುದಿದ್ದರೆ ಇದೇ ವಿಳಾಸಕ್ಕೆ ಬರೆಯಿರಿ." ನನ್ನ ಕೈ ಅವಳ ಕೈಯನ್ನು ತಡೆಯಲು ಅರ್ಧದವರೆಗೆ ಹೋಗಿತ್ತು. ಅವಳು ಒತ್ತಿಯಾಗಿತ್ತು.

ಆ ಸಂಜೆ ಉತ್ತರ ಬರಲಿಲ್ಲ. ಶನಿವಾರವೂ ಬರಲಿಲ್ಲ. ನಾನು ಅನ್ನ ಬಿಟ್ಟೆ, ಅಕ್ಕ ಎರಡು ಸಲ ಬಡಿಸಿಕೊಂಡಳು. ಸೋಮವಾರ ಮಧ್ಯಾಹ್ನ ನಾನು ಕೆಲಸದಿಂದ ಬಂದಾಗ ಮೇಜು ಹಳೆಯ ಜಾಗಕ್ಕೆ ಬಂದಿತ್ತು. ಯಾವುದೋ ಅಂಗಡಿಯಿಂದ ಉದ್ದನೆಯ ವೈರು ತಂದು ಅವಳೇ ಜೋಡಿಸಿದ್ದಳು. ಬಾಗಿಲಿಗೆ ಮುಖ ಮಾಡಿ ಕೂತು ಏನೋ ಪತ್ರ ಟೈಪ್ ಮಾಡುತ್ತಿದ್ದಳು. ಪರದೆಯ ಮೂಲೆಯಲ್ಲಿ ಒಂದು ಪತ್ರ ತೆರೆದಿತ್ತು. "ಒಳ್ಳೆಯದು. ನಮಗೂ ಬರೆಯುವುದೇ ಅನುಕೂಲ. ಅರವತ್ತು ಪುಟ ಅಂಚೆಯ ಮೂಲಕ ತಮ್ಮ ಮನೆಯ ವಿಳಾಸಕ್ಕೆ ಬರುತ್ತಿವೆ." ಮೇಲೆ ಅವಳ ಹೆಸರಿತ್ತು.

ಅಷ್ಟರಲ್ಲಿ ಅವಳು ಲೈನು ಕಡಿದಳು, ಕಡಿದ ಕೂಡಲೇ ಫೋನು ಹೊಡೆದುಕೊಂಡಿತು. ಒಳಗಿನಿಂದ ಅಮ್ಮ ಓಡಿಬಂದಳು. ಬಾಗಿಲ ಮೇಲೆ ಹತ್ತದ ಬಲ್ಬು, ಅದರ ಪಕ್ಕದಲ್ಲಿ ಅಮ್ಮ ಒರೆಸಿ, ತಂತಿಯಿಲ್ಲದೆ, ಗೋಡೆಗೆ ನೇತುಹಾಕಿದ್ದ ಸೋಪಿನ ಡಬ್ಬಿ. ಅಕ್ಕ ಬಲ್ಬಿನ ಕಡೆಗೆ ನೋಡಲೂ ಇಲ್ಲ. ಅವಳ ಬೆರಳು ಒಂದು ಕ್ಷಣವೂ ನಿಲ್ಲಲಿಲ್ಲ.

"ಯಾರಮ್ಮ?" ಎಂದೆ.

ಅಮ್ಮ ರಿಸೀವರಿಗೆ ಅಂಗೈ ಮುಚ್ಚಿ, ಇನ್ನೊಂದು ಕೈಯಿಂದ ಇಲ್ಲದ ಪ್ಯಾಂಟನ್ನು ಮೇಲೆಳೆದುಕೊಂಡಳು. "ಈ ವಾರದ ಕಟ್ಟು ತರಲಾ ಅಂತ ಕೇಳ್ತಿದ್ದಾನೆ."

ಅಕ್ಕ ಕೈ ಎತ್ತದೆ ಗಲ್ಲದಿಂದಲೇ ಪರದೆಯನ್ನು ತೋರಿಸಿದಳು.

"ಬರೀಬೇಕಂತೆ," ಎಂದಳು ಅಮ್ಮ ಫೋನಿನೊಳಗೆ. "ಹೇಳೋದೇನಾದ್ರೂ ಇದ್ರೆ ಅವಳ ವಿಳಾಸಕ್ಕೆ ಬರೀಬೇಕಂತೆ." ಎಂದು ಇಟ್ಟಳು.